ಅರ್ಧ ಮುಖದ ಸಾಕ್ಷಿ

ಜನವರಿ 6

ಅಕ್ಕನಿಗೆ,

ಅಮ್ಮ ಹೋದ ಮೇಲೆ ನಾವಿಬ್ಬರೂ ಮಾತಾಡಿದ್ದು ಮೂರೋ ನಾಲ್ಕೋ ಸಲ, ಅದೂ ಫೋನಿನಲ್ಲಿ, ಅದೂ ಒಂದೆರಡು ನಿಮಿಷ. ಈಗ ಇದ್ದಕ್ಕಿದ್ದಂತೆ ನನ್ನ ಕಾಗದ ಕಂಡು ನೀನು ಗಾಬರಿಯಾಗಬಹುದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಜೀವಕ್ಕೇನೂ ಅಪಾಯವಿಲ್ಲ. ಫೋನು ಮಾಡದಿರುವುದಕ್ಕೆ ಕಾರಣವಿದೆ. ನನಗೀಗ ಪ, ಬ, ಮ ಹೇಳಲು ಬರುವುದಿಲ್ಲ. ‘ಅಕ್ಕ’ ಎನ್ನಬಲ್ಲೆ, ‘ಅಮ್ಮ’ ಎನ್ನಲಾರೆ.

ಹೋದ ತಿಂಗಳು ಹದಿನೆಂಟರ ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದೆ. ನೀರು ಬಲಗಡೆಯಿಂದ ತಾನಾಗಿ ಸೋರಿಹೋಯಿತು. ಕನ್ನಡಿ ನೋಡಿಕೊಂಡರೆ ಬಲಗೆನ್ನೆಯನ್ನು ಯಾರೋ ಕೆಳಗೆ ಜಗ್ಗಿ ಹಿಡಿದ ಹಾಗಿತ್ತು. ಕಣ್ಣು ಮುಚ್ಚುತ್ತಿರಲಿಲ್ಲ. ನಮ್ಮ ಆಸ್ಪತ್ರೆಯ ನರದ ಡಾಕ್ಟರೇ ನೋಡಿದರು. ಮುಖದ ನರ ಊದಿಕೊಂಡಿದೆ, ಲಕ್ವ ಅಲ್ಲ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ ಎಂದರು.

ಹನ್ನೊಂದು ವರ್ಷ ನಾನು ಆಸ್ಪತ್ರೆಯ ಮುಂಬಾಗಿಲ ಕೌಂಟರಿನಲ್ಲಿ ಕೂತವಳು. ರಜೆ ಮುಗಿಸಿ ಹೋದ ದಿನ ಸೂಪರಿಂಟೆಂಡೆಂಟರು ನನ್ನ ಕಿವಿಯನ್ನು ನೋಡುತ್ತಾ ಮಾತಾಡಿದರು. “ನಿಮಗೆ ಆರಾಮ ಇರ್ಲಿ ಅಂತ ರೆಕಾರ್ಡ್ ರೂಮಿಗೆ ಹಾಕಿದ್ದೀನಿ. ಅಲ್ಲಿ ಜನ ಬರಲ್ಲ.” ಆರಾಮ ಬೇಕೆಂದು ನಾನು ಕೇಳಿರಲಿಲ್ಲ. ನನ್ನ ಕುರ್ಚಿಯಲ್ಲಿ ಆಗಲೇ ಹೊಸ ಹುಡುಗಿಯೊಬ್ಬಳು ಕೂತಿದ್ದಳು.

ಔಷಧದ ಅಂಗಡಿಯವನು ಈಗ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ಹಿಂದೆ ನಿಂತವರನ್ನು “ಇವರ ಜೊತೆ ಯಾರು ಬಂದಿದ್ದೀರಿ?” ಎಂದು ಕೇಳುತ್ತಾನೆ. ಮೊನ್ನೆ ಮೊನ್ನೆಯವರೆಗೆ ನನ್ನನ್ನು ಸಾಲಿನಿಂದ ಕರೆದು ಮೊದಲು ಕೊಡುತ್ತಿದ್ದವನು ಇವನೇ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಇರುತ್ತಾರೆ. ಜನ ಹೀಗಾ ಅಕ್ಕ? ನನಗೆ ಗೊತ್ತೇ ಇರಲಿಲ್ಲ.

ನಿನ್ನ,
ಗೊಂಬೆ


ಜನವರಿ 19

ತಂಗಿಗೆ,

ಕಾಗದ ತಲುಪಿತು. ಮುಚ್ಚದ ಕಣ್ಣು ಒಣಗಿದರೆ ದೃಷ್ಟಿಗೇ ಕುತ್ತು. ಎರಡು ಗಂಟೆಗೊಮ್ಮೆ ಹನಿ ಹಾಕಿಕೋ. ಮಲಗುವಾಗ ರೆಪ್ಪೆ ಎಳೆದು ಮೆತ್ತನೆಯ ಟೇಪು ಅಂಟಿಸಿಕೋ. ಹೊರಗೆ ಹೋಗುವಾಗ ಕನ್ನಡಕ ಇರಲಿ. ಅಗಿಯುವಾಗ ಎಡಗಡೆ ಅಗಿ, ಬಲಗೆನ್ನೆಯೊಳಗೆ ಅನ್ನ ನಿಂತು ಹಲ್ಲು ಹಾಳಾಗುತ್ತದೆ. ಹಲ್ಲು ಕಟ್ಟುವವಳ ಮಾತು, ಕೇಳು.

ನನ್ನ ಕೆಲಸ ಎಂದಿನಂತೆ ಸಾಗಿದೆ. ಬೆಳಗ್ಗೆ ಡಾಕ್ಟರುಗಳ ಕಡೆಯಿಂದ ಬಾಯಿಯ ಅಚ್ಚುಗಳು ಬರುತ್ತವೆ. ಪ್ಲಾಸ್ಟರು ಸುರಿದು ದವಡೆ ಮಾಡಿ, ಮೇಣದಲ್ಲಿ ಹಲ್ಲು ಜೋಡಿಸಿ, ಸಂಜೆಯವರೆಗೆ ಚಕ್ರಕ್ಕೆ ಹಿಡಿದು ಉಜ್ಜುತ್ತೇನೆ. ಮೇಜಿನ ಮೇಲೆ ಇಪ್ಪತ್ತು ದವಡೆ ಇರುತ್ತವೆ, ಒಂದಕ್ಕೂ ಮುಖ ಇರುವುದಿಲ್ಲ. ಅದೇ ಈ ಕೆಲಸದ ಸುಖ.

ಜನ ಹೀಗಾ ಎಂದು ಕೇಳಿದ್ದೀಯ. ಹೌದು, ಹೀಗೇ.

ಅಕ್ಕ


ಫೆಬ್ರವರಿ 11

ಅಕ್ಕನಿಗೆ,

ಹನಿ ಹಾಕಿಕೊಳ್ಳುತ್ತಿದ್ದೇನೆ, ಟೇಪೂ ಅಂಟಿಸಿಕೊಳ್ಳುತ್ತಿದ್ದೇನೆ. ನೀನು ಅಷ್ಟೊಂದು ವಿವರವಾಗಿ ಬರೆದದ್ದು ಓದಿ ಸಮಾಧಾನವಾಯಿತು.

ರೆಕಾರ್ಡ್ ರೂಮು ಇರುವುದು ನೆಲಮಾಳಿಗೆಯಲ್ಲಿ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ರೋಗಿಗಳ ಕಡತ, ಮೇಲೊಂದು ಟ್ಯೂಬ್‌ಲೈಟು. ಇದನ್ನೆಲ್ಲ ನೋಡಿಕೊಳ್ಳುವವಳನ್ನು ಇಡೀ ಆಸ್ಪತ್ರೆ ಕಡತಮ್ಮ ಎನ್ನುತ್ತದೆ. ಅವಳ ಎದುರಿಗೆ ಅಲ್ಲ, ಆದರೆ ಅವಳಿಗೆ ಗೊತ್ತು. ಹಣೆಯಿಂದ ದವಡೆಯವರೆಗೆ ಅವಳ ಮುಖದ ಎಡಭಾಗವೆಲ್ಲ ಹುಟ್ಟಿನಿಂದ ಬಂದ ನೇರಳೆ ಮಚ್ಚೆ. ಕುರ್ಚಿಯನ್ನು ಹೇಗೆ ಹಾಕಿಕೊಂಡಿದ್ದಾಳೆಂದರೆ ಬಾಗಿಲಲ್ಲಿ ನಿಂತವರಿಗೆ ಬಲಗಡೆ ಮಾತ್ರ ಕಾಣುತ್ತದೆ. ಯಾವ ಕಡತ ಕೇಳಿದರೂ ಒಂದು ನಿಮಿಷದಲ್ಲಿ ತೆಗೆದುಕೊಡುತ್ತಾಳೆ. ಹತ್ತು ವರ್ಷ ಹಿಂದಿನದಾದರೂ ಅಷ್ಟೇ.

ಮೊದಲ ವಾರ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಹೋದ ಗುರುವಾರ ನಾನೇ ಕೇಳಿದೆ, “ಇಷ್ಟು ಚುರುಕಾಗಿದ್ದೀರಿ, ಕೌಂಟರಿಗೆ ಯಾಕೆ ಅರ್ಜಿ ಹಾಕಲಿಲ್ಲ?” ಎಂದು. ಅವಳು ಕೈಯಲ್ಲಿದ್ದ ಕಡತ ಕೆಳಗಿಟ್ಟಳು.

“ಎರಡು ಸಲ ಸಂದರ್ಶನಕ್ಕೆ ಬಂದಿದ್ದೆ ಮೇಡಂ. ಎರಡು ಸಲಾನೂ ಕೌಂಟರಿನ ಪರವಾಗಿ ಪ್ರಶ್ನೆ ಕೇಳೋಕೆ ನೀವೇ ಕೂತಿದ್ರಿ.”

ನನಗೆ ನೆನಪಾಗಲಿಲ್ಲ. ಅದನ್ನೇ ಹೇಳಿದೆ.

“ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ದೆ. ಕೊನೇಲಿ ನೀವು ಕೇಳಿದ್ರಿ, ‘ಮಕ್ಕಳು ನಿಮ್ಮನ್ನ ನೋಡಿ ಹೆದರ್ಕೊಂಡ್ರೆ ಏನ್ ಮಾಡ್ತೀರಿ?’ ಅಂತ. ಎರಡನೇ ಸಲಾನೂ ಅದನ್ನೇ ಕೇಳಿದ್ರಿ.”

ನಾನು ಅಷ್ಟು ಕೆಟ್ಟವಳಲ್ಲ ಅಕ್ಕ. ನಗುನಗುತ್ತಾ ಕೇಳಿರಬೇಕು, ಒಳ್ಳೆಯ ಮಾತಿನಲ್ಲಿ. ಅದೇ ಈಗ ನನ್ನನ್ನು ಕೊರೆಯುತ್ತಿದೆ. ಅವಳಿಗೆ ಅಕ್ಷರ ಅಕ್ಷರ ನೆನಪಿದೆ, ನನಗೆ ಅವಳ ಮುಖವೂ ನೆನಪಿಲ್ಲ.

ಹೊಸ ಹುಡುಗಿ ಕೆಟ್ಟವಳೇನಲ್ಲ. ನನಗೆ ಚಹಾ ಕುಡಿಯಲಿಕ್ಕೆಂದು ಕೊಳವೆ ತಂದುಕೊಟ್ಟಳು. ಆದರೆ ಕಡತ ಕೇಳುವ ಚೀಟಿಯಲ್ಲಿ ದಿನಕ್ಕೆರಡು ನಂಬರು ತಪ್ಪು ಬರೆಯುತ್ತಾಳೆ. ಮೇಲೆ ಎಲ್ಲರೂ ಅವಳ ಚೆಂದದ ಮುಖ ನೋಡಿ ನಕ್ಕು ಬಿಡುತ್ತಾರೆ. ನನ್ನ ತಪ್ಪುಗಳನ್ನೂ ಹೀಗೇ ಬಿಟ್ಟಿರಬೇಕು, ಹನ್ನೊಂದು ವರ್ಷ. ನಾನು ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ. ಇದನ್ನೆಲ್ಲ ಯಾರೂ ಯಾಕೆ ಹೇಳುವುದಿಲ್ಲ?

ಗೊಂಬೆ


ಫೆಬ್ರವರಿ 26

ತಂಗಿಗೆ,

ಯಾರೂ ಯಾಕೆ ಹೇಳುವುದಿಲ್ಲ ಎಂದು ಕೇಳಿದ್ದೀಯ. ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಒಂದು ಮೇಣದ ಹಲ್ಲು ಕೈಯಲ್ಲೇ ಮುರಿಯಿತು. ಇನ್ನು ಬರೆಯದೆ ಇದ್ದರೆ ಕೆಲಸ ಕೆಡುತ್ತದೆ.

ಎರಡು ತಿಂಗಳಾಯಿತು ನಿನ್ನ ಬಾಯಿ ಸೊಟ್ಟಗಾಗಿ. ಅಷ್ಟರಲ್ಲಿ ನೀನು ಕಂಡುಹಿಡಿದದ್ದನ್ನು ನನಗೆ ವರದಿ ಮಾಡುತ್ತಿದ್ದೀಯ, ಹೊಸ ಊರು ನೋಡಿ ಬಂದವಳ ಹಾಗೆ. ನಾನು ಆ ಊರಿನಲ್ಲೇ ಹುಟ್ಟಿದವಳು ಕಣೆ. ಉಬ್ಬು ಹಲ್ಲು, ಸಣ್ಣ ಕಣ್ಣು, ಗಂಡಸಿನ ದವಡೆ. “ನೀನೇ ಹಲ್ಲು ಕಟ್ತೀಯ, ನಿನ್ನದನ್ನ ಯಾಕೆ ಸರಿ ಮಾಡ್ಕೊಂಡಿಲ್ಲ?” ಎಂದು ಈಗಲೂ ಜನ ಕೇಳುತ್ತಾರೆ, ಹಕ್ಕಿನಿಂದ.

ಶಾಲೆಯ ಸೂಕ್ಷ್ಮದರ್ಶಕ ನೆನಪಿದೆಯಾ? ನಾನು ಹತ್ತನೆಯ ತರಗತಿ, ನೀನು ಎಂಟನೆಯದು. ಪ್ರಯೋಗಾಲಯದ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಇಡೀ ಶಾಲೆಯಲ್ಲಿ ನನ್ನನ್ನು ನಂಬಿ ಕೊಟ್ಟಿದ್ದ ಒಂದೇ ಒಂದು ವಸ್ತು ಅದು. ಈರುಳ್ಳಿ ಸಿಪ್ಪೆ ನೋಡಬೇಕೆಂದು ನೀನು ಹಟ ಮಾಡಿದೆ, ಒಳಗೆ ಬಿಟ್ಟೆ, ಸೂಕ್ಷ್ಮದರ್ಶಕ ನಿನ್ನ ಕೈಯಿಂದ ಬಿದ್ದು ಒಡೆಯಿತು. ಮುಖ್ಯೋಪಾಧ್ಯಾಯಿನಿ ಇಬ್ಬರನ್ನೂ ನಿಲ್ಲಿಸಿ ನಿನ್ನ ಮುಖ ನೋಡಿದರು, ನನ್ನ ಮುಖ ನೋಡಿದರು. ಅಷ್ಟೇ ವಿಚಾರಣೆ. ಬೀಗದ ಕೈ ಕಿತ್ತುಕೊಂಡರು. ವಿಜ್ಞಾನದ ಕಾಲೇಜಿಗೆ ಶಿಫಾರಸು ಮಾಡುವ ಪಟ್ಟಿಯಿಂದ ನನ್ನ ಹೆಸರು ಹೊಡೆದರು.

ಅದನ್ನೂ ನುಂಗಿಕೊಂಡೆ. ಮನೆಗೆ ಬಂದು ಹೇಳಿದರೆ ಅಮ್ಮ, “ನೀನೇ ಒಡೆದಿರ್ತೀಯ, ಅವಳ ಮುಖ ನೋಡಿದ್ರೆ ಗೊತ್ತಾಗಲ್ವಾ?” ಎಂದಳು. ನಮ್ಮಮ್ಮ. ಇಬ್ಬರನ್ನೂ ಹೆತ್ತವಳು. ನೀನು ಬಾಗಿಲ ಹತ್ತಿರ ನಿಂತಿದ್ದೆ. ಆಗ ನಿನ್ನ ಬಾಯಿ ಎರಡೂ ಕಡೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ನಿನಗೆ ಬೇಗ ವಾಸಿಯಾಗಲಿ. ವಾಸಿಯಾದ ಮೇಲೆ ಇದೆಲ್ಲ ಮರೆತುಹೋಗುತ್ತದೆ ಎಂಬುದೂ ನನಗೆ ಗೊತ್ತು.

ಅಕ್ಕ


ಏಪ್ರಿಲ್ 4

ಅಕ್ಕನಿಗೆ,

ಉತ್ತರ ಬರೆಯಲು ಕೂತು ಐದು ಸಲ ಹರಿದು ಹಾಕಿದ್ದೇನೆ. ಐದರಲ್ಲೂ ನಾನು ಚಿಕ್ಕವಳಿದ್ದೆ, ಹೆದರಿದ್ದೆ ಎಂದೆಲ್ಲ ಬರೆದಿದ್ದೆ. ಅದು ನಿಜವಲ್ಲ. ನನಗೆ ಹೆದರಿಕೆಯೇ ಆಗಿರಲಿಲ್ಲ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದು ನನಗೆ ಹದಿಮೂರನೆಯ ವಯಸ್ಸಿಗೇ ಗೊತ್ತಿತ್ತು. ಒಡೆದದ್ದು ನಾನು. ಅಮ್ಮ ಬದುಕಿರುವಾಗ ಹೇಳಬೇಕಿತ್ತು. ಹೇಳಲಿಲ್ಲ.

ಇನ್ನೊಂದು ವಿಷಯ ಬರೆಯದೆ ಇರಲಾರೆ. ಬೇರೆ ಯಾರಿಗೂ ಇದು ಅರ್ಥವಾಗುವುದಿಲ್ಲ.

ಹೋದ ತಿಂಗಳು ಒಂದೇ ಹೆಸರಿನ ಇಬ್ಬರು ಮುದುಕರು ಒಂದೇ ದಿನ ಬಂದರು. ಮೇಲಿನಿಂದ ಹೊಸ ಹುಡುಗಿ ಚೀಟಿ ಕಳಿಸಿದಳು. ಚೀಟಿ ತೆಗೆದುಕೊಂಡವಳು ನಾನು, ಅದರಲ್ಲಿದ್ದ ನಂಬರಿನ ಕಡತ ತೆಗೆದುಕೊಟ್ಟವಳು ಕಡತಮ್ಮ. ಹುಡುಗಿ ಬರೆದದ್ದು ಇನ್ನೊಬ್ಬ ಮುದುಕನ ನಂಬರು. ಡಾಕ್ಟರ ಮುಂದಿದ್ದ ಅಜ್ಜನಿಗೆ ಒಂದು ಇಂಜೆಕ್ಷನ್ ಆಗುವುದಿಲ್ಲ ಎಂದು ಅವರ ಸ್ವಂತ ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಆ ಕಡತ ಕಪಾಟಿನಲ್ಲೇ ಉಳಿಯಿತು. ಇಂಜೆಕ್ಷನ್ ಕೊಟ್ಟ ಹತ್ತು ನಿಮಿಷಕ್ಕೆ ಅವರ ಗಂಟಲು ಊದಿಕೊಂಡಿತು. ಎರಡು ದಿನ ಉಸಿರಾಟದ ಯಂತ್ರದಲ್ಲಿಟ್ಟು ಉಳಿಸಿದರು.

ವಿಚಾರಣೆಗೆ ಮೂವರು ಕೂತರು. ಮೊದಲು ಹುಡುಗಿಯನ್ನು ಕರೆದರು. ತಾನು ಸರಿಯಾದ ನಂಬರೇ ಬರೆದಿದ್ದೆ ಎಂದು ಹೇಳಿ ಅತ್ತಳು. ಬಾಗಿಲು ತೆರೆದೇ ಇತ್ತು, ನಾನು ಹೊರಗಿನ ಬೆಂಚಿನಲ್ಲಿದ್ದೆ. ಅಧ್ಯಕ್ಷರು ತಾವೇ ಎದ್ದು ನೀರು ಕೊಟ್ಟರು. ಆಮೇಲೆ ಕಡತಮ್ಮ ಹೋದಳು. ಅವಳಿಗೆ ಕೂರಲು ಹೇಳಿದ್ದು ಕೇಳಿಸಲಿಲ್ಲ.

ನನ್ನ ಸರದಿ ಬಂತು. ಚೀಟಿಯ ವಿಷಯ ಹೇಳತೊಡಗಿದೆ. ಎರಡು ವಾಕ್ಯ ಆಗಿರಬಹುದು.

“ಯಾಕೆ ನಗ್ತಿದ್ದೀರಿ?” ಎಂದರು ಅಧ್ಯಕ್ಷರು.

ಮಾತಾಡುವಾಗ ನನ್ನ ತುಟಿ ಎಡಗಡೆಗೆ ಏರುತ್ತದೆ, ಬಲಗಡೆ ಅಲುಗುವುದಿಲ್ಲ. ವ್ಯಂಗ್ಯವಾಗಿ ನಕ್ಕ ಹಾಗೆ ಕಾಣುತ್ತದಂತೆ. “ನಗ್ತಿಲ್ಲ ಸಾರ್, ನನ್ನ...” ಎಂದೆ. ‘ಮುಖ’ ಎನ್ನುವುದು ಹೊರಡಲಿಲ್ಲ. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು, ಅದು ದಿನವಿಡೀ ಇಳಿಯುತ್ತದೆ.

“ಒಂದು ಕಡೆ ನಗು, ಒಂದು ಕಡೆ ಅಳು. ಇದೇನು ನಾಟಕಾನಾ?” ಎಂದರು ಇನ್ನೊಬ್ಬರು. ಮೂರನೆಯವರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಹನ್ನೊಂದು ವರ್ಷ ನಾನು ‘ನಮಸ್ಕಾರ’ ಎಂದರೆ ಸಾಕು, ಜನ ನಂಬುತ್ತಿದ್ದರು. ಈಗ ನಿಜ ಹೇಳಿದರೂ ಅದು ಬಾಯಿಯಿಂದ ಸೊಟ್ಟಗೆ ಬೀಳುತ್ತದೆ.

ಕಡತಮ್ಮನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಹೋಗುವಾಗ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಸರಿಯಾಗಿ ಹೇಳಲೇ ಇಲ್ಲ ಎಂದುಕೊಂಡಿರಬೇಕು. ನಾನೀಗ ಏನು ಮಾಡಲಿ?

ನಿನ್ನ ತಂಗಿ


ಏಪ್ರಿಲ್ 9

ತಂಗಿಗೆ,

ಸೂಕ್ಷ್ಮದರ್ಶಕದ ವಿಷಯ ಓದಿದೆ. ಅದಕ್ಕೆ ಈಗ ಉತ್ತರ ಬರೆಯುವುದಿಲ್ಲ. ಮೊದಲು ಆ ಹೆಂಗಸಿನ ಕೆಲಸ.

ಆ ಚೀಟಿ ಎಲ್ಲಿದೆ? ನಮ್ಮಲ್ಲಿ ಡಾಕ್ಟರು ಕಳಿಸಿದ ಪ್ರತಿ ಚೀಟಿಯನ್ನೂ ವರ್ಷಗಟ್ಟಲೆ ಇಡುತ್ತೇವೆ, ಹಲ್ಲು ಸರಿ ಕೂರದಿದ್ದರೆ ತಪ್ಪು ಯಾರದೆಂದು ತಿಳಿಯಲಿಕ್ಕೆ. ನಿಮ್ಮಲ್ಲೂ ಇಟ್ಟಿರುತ್ತಾರೆ. ಹುಡುಕು, ಪ್ರತಿ ಮಾಡಿಸು. ಏನಾಯಿತೆಂದು ಒಂದು ಪುಟದಲ್ಲಿ ಬರೆ. ಅಳು, ಕೋಪ, ಆಸ್ಪತ್ರೆಯ ಹಳೆಯ ಕಥೆ ಏನೂ ಬೇಡ. ಗಂಟೆ, ನಂಬರು, ಯಾರ ಕೈಬರಹ, ಅಷ್ಟೇ. ಕಚೇರಿಯಲ್ಲಿ ಕೊಟ್ಟು ತಲುಪಿತೆಂದು ಮುದ್ರೆ ಹಾಕಿಸಿಕೋ. ಆ ಮೂವರ ಮುಂದೆ ಮತ್ತೆ ಹೋಗಬೇಡ, ಕರೆದರೂ ಕಾಗದವನ್ನೇ ಮುಂದೆ ಮಾಡು.

ಅವಳ ಮನೆಗೆ ಹೋಗಿ ನೀನು ಏನು ಹೇಳಿದೆ, ಅವರು ಏನು ಕೇಳಿದರು ಎಂಬುದನ್ನೂ ತಿಳಿಸು. ಮಾತು ತೊದಲಿದರೆ ತೊದಲಲಿ. ಅವಳಿಗೆ ಅರ್ಥವಾಗುತ್ತದೆ.

ಅಕ್ಕ


ಮೇ 23

ಅಕ್ಕನಿಗೆ,

ಚೀಟಿ ಸಿಕ್ಕಿತು. ಕಡತಮ್ಮ ದಿನದಿನದ ಚೀಟಿಗಳನ್ನು ತಂತಿಗೆ ಚುಚ್ಚಿ ತಿಂಗಳ ಕೊನೆಗೆ ಡಬ್ಬಿಗೆ ಹಾಕಿಡುತ್ತಾಳೆ. ಹುಡುಗಿಯ ದುಂಡು ಅಕ್ಷರದಲ್ಲಿ ತಪ್ಪು ನಂಬರು, ಕೆಳಗೆ ಅವಳದೇ ಸಹಿ. ನೀನು ಹೇಳಿದ ಹಾಗೇ ಒಂದು ಪುಟ ಬರೆದು ಕೊಟ್ಟೆ. ಗುಮಾಸ್ತನಿಂದ ಮುದ್ರೆ ಹಾಕಿಸಿಕೊಳ್ಳಲು ಮೂರು ದಿನ ಅಲೆದೆ. ಕಡತಮ್ಮನ ಮನೆಗೂ ಹೋಗಿ ನಡೆದದ್ದನ್ನು ತೊದಲುತ್ತಲೇ ಹೇಳಿ ಬಂದೆ.

ಇಪ್ಪತ್ತೆಂಟು ದಿನದ ಮೇಲೆ ಕಡತಮ್ಮನನ್ನು ವಾಪಸ್ಸು ಕರೆದರು. ‘ಸಂಬಂಧಪಟ್ಟ ಇಬ್ಬರು ಸಿಬ್ಬಂದಿಗೂ ಎಚ್ಚರಿಕೆ ನೀಡಲಾಗಿದೆ’ ಎಂದು ಆದೇಶ. ತಪ್ಪು ಮಾಡಿದವಳಿಗೊಂದು, ಮಾಡದವಳಿಗೊಂದು. ಕಡತಮ್ಮ ಅದನ್ನು ಓದಿ ಮಡಚಿ ತನ್ನದೇ ಕಪಾಟಿನಲ್ಲಿ ನಂಬರು ಹಾಕಿ ಇಟ್ಟಳು.

ಹುಡುಗಿ ಕೆಳಗೆ ಬಂದು, “ನಾನು ಸರಿಯಾಗೇ ಬರೆದಿದ್ದೆ ಅಂತ ನಿಜವಾಗ್ಲೂ ಅಂದ್ಕೊಂಡಿದ್ದೆ” ಎಂದಳು. ಇರಬಹುದು. ತಪ್ಪು ಮಾಡಿದ್ದೀಯ ಎಂದು ಅವಳಿಗೆ ಯಾರೂ ಇದುವರೆಗೆ ಹೇಳಿದ್ದಿಲ್ಲ. ನಾನು ಹೇಳಿದೆ. ಬಹಳ ಬೇಜಾರು ಮಾಡಿಕೊಂಡಳು.

ನನ್ನ ಮುಖ ಬಹುಪಾಲು ಬಂದಿದೆ. ಪ, ಬ, ಮ ಬಂದವು. ನಕ್ಕರೆ ಮಾತ್ರ ಬಲಗಣ್ಣು ತಾನಾಗಿ ಸಣ್ಣಗಾಗುತ್ತದೆ, ಅದು ಹೀಗೇ ಉಳಿಯುತ್ತದಂತೆ. ಸೂಪರಿಂಟೆಂಡೆಂಟರು ಕಾರಿಡಾರಿನಲ್ಲಿ ನೋಡಿ ನಿಂತರು. ಈ ಸಲ ನನ್ನ ಕಣ್ಣನ್ನೇ ನೋಡಿದರು. “ಅರೆ, ಸರಿಹೋಗಿದೆಯಲ್ಲ. ಸೋಮವಾರದಿಂದ ಕೌಂಟರಿಗೆ ಬನ್ನಿ.”

ಅಲ್ಲೇ ಹೇಳಿದೆ, “ಕಡತದ ವಿಭಾಗದವರನ್ನ ಕೂರಿಸಿ ಸಾರ್. ನನಗಿಂತ ಚೆನ್ನಾಗಿ ಮಾಡ್ತಾರೆ.”

“ಕೆಲಸದಲ್ಲಿ ಎರಡು ಮಾತಿಲ್ಲ, ಒಪ್ಪಿದೆ. ಆದ್ರೆ ಆಸ್ಪತ್ರೆಗೆ ಬರೋರು ಮೊದಲೇ ಹೆದರಿರ್ತಾರೆ ನೋಡಿ.”

ಹೆಚ್ಚುಕಡಿಮೆ ನನ್ನದೇ ಮಾತು. ಅರ್ಧ ಗಂಟೆ ವಾದ ಮಾಡಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ನಗುತ್ತಾ ಕೇಳಿಸಿಕೊಂಡರು. ಹಿಂದಿನ ತಿಂಗಳು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದರೆ ಹೊರಗೆ ಕಳಿಸುತ್ತಿದ್ದರು. ನನ್ನ ಮಾತಿಗೆ ಮರ್ಯಾದೆ ವಾಪಸ್ಸು ಬಂದದ್ದು ಮಾತಿನಿಂದಲ್ಲ.

ಕೆಳಗೆ ಬಂದು ಕಡತಮ್ಮನಿಗೆ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

“ನನ್ನನ್ನ ಕೇಳದೆ ಯಾಕೆ ಹೇಳೋಕೆ ಹೋದ್ರಿ ಮೇಡಂ?” ಎಂದಳು. “ನನಗೆ ಅದು ಬೇಕಿದ್ದದ್ದು ಆರು ವರ್ಷದ ಹಿಂದೆ. ಆಗ ಮಗಳನ್ನ ಶಾಲೆಗೆ ಸೇರಿಸಿದ್ದೆ. ಅವಳು ಆಸ್ಪತ್ರೆ ಬಾಗಿಲಲ್ಲಿ ನಿಂತು, ಅಲ್ಲಿ ಕೂತಿರೋದು ನಮ್ಮಮ್ಮ ಅನ್ಲಿ ಅಂತ ಆಸೆ ಇತ್ತು. ಈಗ ಕೂತ್ರೆ ಅದು ನಿಮ್ಮ ಸಮಾಧಾನಕ್ಕೆ.”

ಚೀಟಿಗೆ ಮಾತ್ರ ಧನ್ಯವಾದ ಹೇಳಿದಳು. ಕ್ಷಮಿಸಿ ಎಂದೆ. “ಆಯ್ತು” ಎಂದಳು. ಆ ‘ಆಯ್ತು’ ಕ್ಷಮೆಯೋ, ಮಾತು ಮುಗಿಯಿತೆಂದೋ, ತಿಳಿಯಲಿಲ್ಲ.

ಸೋಮವಾರ ಕೌಂಟರಿಗೆ ಹೋದೆ. ಮೊದಲು ಬಂದವನೊಬ್ಬ ನನ್ನನ್ನು ನೋಡಿ ನಕ್ಕ, ನನಗೆ ಎದೆ ತುಂಬಿ ಬಂತು. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ. ಮಧ್ಯಾಹ್ನ ಇಬ್ಬರು ಒಟ್ಟಿಗೆ ಬಂದರು. ಒಬ್ಬ ಲಕ್ಷಣವಾಗಿದ್ದ, ಇಸ್ತ್ರಿ ಮಾಡಿದ ಅಂಗಿ. ಇನ್ನೊಬ್ಬನ ಮುಖವೆಲ್ಲ ಗಂಟು ಗಂಟು. ನಾನು ಮೊದಲನೆಯವನಿಗೆ “ಹೇಳಿ” ಎಂದೆ. ಎರಡನೆಯವನು ಮುಂಚೆ ಬಂದಿದ್ದ ಎಂಬುದು ಆಮೇಲೆ ಹೊಳೆಯಿತು. ಅವನು ಅಭ್ಯಾಸವಾಗಿದ್ದವನ ಹಾಗೆ ಪಕ್ಕಕ್ಕೆ ಸರಿದು ನಿಂತ. ಐದು ತಿಂಗಳು ಅನುಭವಿಸಿದ್ದು ಐದು ತಾಸು ಬಾಳಲಿಲ್ಲ. ನನ್ನ ಮೇಲೇ ನನಗೆ ಹೇಸಿಗೆಯಾಗಿದೆ.

ಇಲ್ಲಿಗೆ ಒಂದು ಸಲ ಬಾ ಅಕ್ಕ. ಬಂದು ಬೈದುಬಿಡು.

ನಿನ್ನ ತಂಗಿ


ಜೂನ್ 8

ತಂಗಿಗೆ,

ನೀನು ಮರೆತುಬಿಡುತ್ತೀಯ ಎಂದು ಬರೆದಿದ್ದೆ. ಮರೆತೆ, ಆದರೆ ಮರೆತದ್ದು ನಿನಗೆ ಗೊತ್ತಾಯಿತು. ಅದಕ್ಕಿಂತ ಹೆಚ್ಚು ಯಾರ ಕೈಯಲ್ಲಾಗುತ್ತದೋ ನನಗೆ ಗೊತ್ತಿಲ್ಲ. ನಾಳೆ ಯಾರು ಮೊದಲು ಬಂದರೆಂದು ನೋಡಿ ಕರೆ. ನಾಡಿದ್ದು ಮತ್ತೆ ತಪ್ಪುತ್ತೀಯ, ಆಚೆ ನಾಡಿದ್ದು ಮತ್ತೆ ನೋಡು.

ಸೂಕ್ಷ್ಮದರ್ಶಕದ ವಿಷಯಕ್ಕೆ ಉತ್ತರ ಬಾಕಿಯಿತ್ತು. ನೀನು ಒಪ್ಪಿಕೊಂಡರೆ ನನ್ನ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಆಗ ತಿಳಿಯಿತು, ನನ್ನ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಅಮ್ಮನ ಮೇಲಿನದು. ಅವಳು ಕೈಗೆ ಸಿಗುವುದಿಲ್ಲವಲ್ಲ, ಅದನ್ನೂ ನಿನ್ನ ಹೆಸರಿಗೇ ಬರೆದುಕೊಂಡಿದ್ದೆ. ನಿನ್ನ ಪಾಲಿನದು ನಿನಗಿರಲಿ. ಅವಳ ಪಾಲಿನದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ.

ಬಾ ಎಂದಿದ್ದೀಯ. ಬರುವ ಮುಂಚೆ ನಿನಗೊಂದು ಮಾತು ಹೇಳಬೇಕು. ಜನವರಿಯಲ್ಲಿ ನಿನ್ನ ಕಾಗದ ಬಂದಾಗ ನಾನು ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಕಣ್ಣು ಮುಚ್ಚುವುದಿಲ್ಲ, ತುಟಿ ಜಗ್ಗಿದೆ, ಬಸ್ಸಿನಲ್ಲಿ ಪಕ್ಕ ಯಾರೂ ಕೂರುವುದಿಲ್ಲ ಎಂದು ಓದಿದೆ. ನನಗೆ ಸಂತೋಷವಾಯಿತು. ಸುತ್ತಿ ಬಳಸಿ ಹೇಳುವುದಿಲ್ಲ, ಸಂತೋಷವೇ. ಅರ್ಧ ನಿಮಿಷ ಇದ್ದಿರಬೇಕು. ಅನ್ನ ರುಚಿಯೆನಿಸಿತು. ಆಮೇಲೆ ಹನಿ ಹಾಕಿಕೋ, ಟೇಪು ಅಂಟಿಸಿಕೋ ಎಂದು ಬರೆದೆ. ಅದನ್ನು ಓದಿ ಸಮಾಧಾನವಾಯಿತು ಎಂದು ನೀನು ಬರೆದಾಗ ಆ ಕಾಗದವನ್ನು ಕಣ್ಣೆದುರು ಮೇಜಿನ ಮೇಲಿಡಲು ನನ್ನಿಂದಾಗಲಿಲ್ಲ. ನಿನ್ನ ಮೇಲೆ ಅಕ್ಕರೆ ಇರಲಿಲ್ಲವೆಂದಲ್ಲ. ಇತ್ತು, ಆದರೆ ಎರಡನೆಯದಾಗಿ ಬಂತು.

ಮುಖ ನೋಡಿ ನನ್ನನ್ನು ಅಳೆದವರನ್ನೆಲ್ಲ ನಲವತ್ತೆರಡು ವರ್ಷ ಬೈದುಕೊಂಡು ಬಂದವಳು ನಾನು. ನನ್ನ ಸ್ವಂತ ತಂಗಿಯ ಮುಖ ಕೆಟ್ಟಿತೆಂದು ತಿಳಿದು ಒಂದು ತುತ್ತು ಹೆಚ್ಚಿಗೆ ಉಂಡೆ. ಇದನ್ನು ಹೇಳದೆ ನಿನ್ನ ಮನೆಗೆ ಬಂದು ನಿನ್ನೆದುರು ಕೂರಲು ಆಗುತ್ತಿರಲಿಲ್ಲ. ಹೇಳಿದ್ದೇನೆ.

ಇದನ್ನು ಓದಿದ ಮೇಲೂ ಬಾ ಎನ್ನುವುದಾದರೆ ಫೋನು ಮಾಡು. ಇಪ್ಪತ್ತನೆಯ ತಾರೀಖಿನಿಂದ ನನಗೆ ನಾಲ್ಕು ದಿನ ರಜೆಯಿದೆ. ಹಗಲು ಚಕ್ರದ ಸದ್ದಿಗೆ ಫೋನು ಕೇಳಿಸುವುದಿಲ್ಲ. ಎತ್ತದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಇನ್ನೊಂದು ಸಲ ಮಾಡು.

ಅಕ್ಕ